ಶಿ, ಚು ಹಾಡು, ಫು: ಯಾರು ಯಾರ ಮಗ?

ಪ್ರಶ್ನೆ: ಚೀನಾದ ಹಳೆಯ ಕಾವ್ಯದ ಬಗ್ಗೆ ಓದುವಾಗ ಶಿ, ಚು ನಾಡಿನ ಹಾಡು, ಫು ಅಂತ ಮೂರು ಬಗೆ ಸಿಗುತ್ತವೆ. ಮೊದಲನೆಯದರಿಂದ ಎರಡನೆಯದು, ಅದರಿಂದ ಮೂರನೆಯದು ಹುಟ್ಟಿತಂತೆ. ನಿಜವೇ? ಫು ಅಂದರೆ ನಮ್ಮ ಚಂಪೂ ಥರವೇ?

ಉತ್ತರ: ಅಜ್ಜ, ಮಗ, ಮೊಮ್ಮಗ ಅನ್ನೋ ಈ ಲೆಕ್ಕವನ್ನು ಪೂರ್ತಿ ನಂಬಬೇಡಿ. ಅದನ್ನು ಕಟ್ಟಿದವರು ಹಾನ್ ಅರಸರ ಕಾಲದ (ಕ್ರಿ.ಪೂ. 206–ಕ್ರಿ.ಶ. 220) ಪಂಡಿತರು. ಅವರಿಗೆ ಅದರ ಅಗತ್ಯವೂ ಇತ್ತು, ಅದನ್ನು ಆಮೇಲೆ ಹೇಳುತ್ತೇನೆ.

ಶಿ ಅಂದರೆ ಮೊದಲು ನೆನಪಾಗುವುದು ಶಿಜಿಂಗ್. 305 ಹಾಡುಗಳ ಸಂಗ್ರಹ, ಬಹುಪಾಲು ಸಾಲಿಗೆ ನಾಲ್ಕೇ ಅಕ್ಷರ. ಮೊದಲ ಹಾಡು ಶುರುವಾಗುವುದೇ ‘ಗುವಾನ್ ಗುವಾನ್’ ಅಂತ, ನದಿ ನಡುಗಡ್ಡೆಯಲ್ಲಿ ಕೂಗುವ ಹಕ್ಕಿಗಳ ದನಿಯಿಂದ. ಚು ದಕ್ಷಿಣದ ರಾಜ್ಯ, ಯಾಂಗ್ತ್ಸೆ ನದಿಯ ಸೀಮೆ. ಅಲ್ಲಿಯ ಕವಿ ಚ್ಯೂ ಯುವಾನ್ ಬರೆದದ್ದೆಂದು ಹೇಳುವ ‘ಲಿ ಸಾವ್’ನಲ್ಲಿ ಸಾಲು ಉದ್ದ, ಸಾಲು ಬಿಟ್ಟು ಸಾಲಿನ ಕೊನೆಗೆ ‘ಸೀ’ ಅನ್ನೋ ಒಂದು ದನಿ. ಅದಕ್ಕೆ ಅರ್ಥ ಇಲ್ಲ, ಉಸಿರು ಎಳೆಯೋದಕ್ಕೆ ಅಷ್ಟೇ. ಉತ್ತರದ್ದು ಗಿಡ್ಡ ಸಾಲು, ದಕ್ಷಿಣದ್ದು ‘ಸೀ’ ಇರುವ ಉದ್ದ ಸಾಲು ಅಂತ ಪಾಠದಲ್ಲಿ ಹೇಳಿಬಿಡುತ್ತಾರೆ. ಆದರೆ ಶಿಜಿಂಗ್‌ನಲ್ಲೇ ಮರ ಕಡಿಯುವವರ ಒಂದು ಹಾಡಿದೆ, ಅದರ ತುಂಬ ‘ಸೀ’! ಇನ್ನೊಂದು ವಿಷಯ. 1977ರಲ್ಲಿ ಫುಯಾಂಗ್‌ನಲ್ಲಿ ಒಬ್ಬ ಸಾಮಂತನ ಸಮಾಧಿ ಅಗೆದರು. ಆತ ತೀರಿಕೊಂಡದ್ದು ಕ್ರಿ.ಪೂ. 165ರಲ್ಲಿ. ಶಿಜಿಂಗ್ ಬರೆದ ಬಿದಿರಿನ ಪಟ್ಟಿಗಳ ಜೊತೆಗೆ ‘ಲಿ ಸಾವ್’ನ ಒಂದು ಚೂರೂ ಅಲ್ಲೇ ಸಿಕ್ಕಿತು. ಅಂದರೆ ಓದುವವರು ಎರಡನ್ನೂ ಒಟ್ಟಿಗೇ ಓದುತ್ತಿದ್ದರು.

ಈಗ ಫು. ಬಾನ್ ಗು ಅನ್ನೋ ಪಂಡಿತ ಬರೆದ ಹಾನ್ ಇತಿಹಾಸದ ಗ್ರಂಥಪಟ್ಟಿಯಲ್ಲಿ ಇದಕ್ಕೆ ಸರಳವಾದ ವಿವರಣೆ ಇದೆ: ಹಾಡದೆ ಬಾಯಲ್ಲಿ ಹೇಳುವುದು ಫು. ಅದೇ ಪಟ್ಟಿ ಚ್ಯೂ ಯುವಾನನ 25 ರಚನೆಗಳನ್ನೂ ಫು ಅಂತಲೇ ಎಣಿಸುತ್ತದೆ. ಕೆಲವು ಶತಮಾನ ಕಳೆದ ಮೇಲೆ, 6ನೇ ಶತಮಾನದಲ್ಲಿ ರಾಜಕುಮಾರ ಶಿಯಾವ್ ಥೊಂಗ್ ಮಾಡಿಸಿದ ಸಂಕಲನದಲ್ಲಿ ಫು ಬೇರೆ, ಶಿ ಬೇರೆ, ಸಾವ್ (‘ಲಿ ಸಾವ್’ ಥರದ ಚು ಹಾಡು) ಬೇರೆ. ಪದ್ಯ ಅದೇ, ಅಂಟಿಸಿದ ಚೀಟಿ ಬೇರೆ.

ಇದು ಕಣ್ಣಿಗೆ ಕಟ್ಟಬೇಕಾದರೆ ಜಿಯಾ ಯಿ ಬರೆದ ಗೂಬೆಯ ಫು ಓದಿ. ನನಗೆ ಇಡೀ ಹಾನ್ ಕಾಲದಲ್ಲೇ ತುಂಬ ಇಷ್ಟವಾದದ್ದು ಇದು. ಆಸ್ಥಾನದಿಂದ ದೂರ ತಳ್ಳಿಸಿಕೊಂಡು ಚಾಂಗ್‌ಶಾದಲ್ಲಿದ್ದ ಕವಿಯ ಮನೆಗೆ ಒಂದು ಸಂಜೆ ಗೂಬೆ ಬಂತು. ಬಂದು ಚಾಪೆಯ ಮೂಲೆಯಲ್ಲಿ ಆರಾಮಾಗಿ ಕೂತಿತು. ಇದು ಸಾವಿನ ಸೂಚನೆಯೇನೋ ಅಂತ ಕವಿಗೆ ದಿಗಿಲು. ಏನು ಸುದ್ದಿ ಅಂತ ಕೇಳಿದ. ಗೂಬೆ ನಿಟ್ಟುಸಿರು ಬಿಟ್ಟು, ಬಾಯಿ ತೆರೆಯದೆ ಮನಸ್ಸಿನಲ್ಲೇ ಉತ್ತರ ಕೊಟ್ಟಿತು: ಎಲ್ಲವೂ ಬದಲಾಗುತ್ತಲೇ ಇರುತ್ತದೆ, ಬದುಕಿಗೆ ಅಂಟಿಕೊಳ್ಳುವುದು ಯಾಕೆ? ಹೆಸರು ಫು. ಅಳತೆ ಹೆಚ್ಚಾಗಿ ಶಿಜಿಂಗ್‌ನ ನಾಲ್ಕಕ್ಷರ. ಸಿಮಾ ಛಿಯಾನ್ ತನ್ನ ಇತಿಹಾಸದಲ್ಲಿ ಕೊಟ್ಟ ಪ್ರತಿಯಲ್ಲಿ ಚು ಹಾಡಿನ ‘ಸೀ’ ಇದೆ, ಬಾನ್ ಗು ಬರೆದ ಹಾನ್ ಇತಿಹಾಸದಲ್ಲಿ ಅದೇ ‘ಸೀ’ ಮಾಯ! ಈ ಒಂದು ಪದ್ಯವನ್ನು ಯಾರ ಮಗ ಅಂತ ಕರೆಯುತ್ತೀರಿ?

ಹಾಗಾದರೆ ವಂಶಾವಳಿ ಯಾಕೆ ಬೇಕಾಯಿತು? ಸಿಮಾ ಶಿಯಾಂಗ್ರು (ಕ್ರಿ.ಪೂ. 179–117) ಥರದವರ ದೊಡ್ಡ ಫುಗಳು ಆಸ್ಥಾನದ ಸರಕು. ಅರಸನ ಬೇಟೆಯ ವನದ ನದಿ, ಮರ, ಪ್ರಾಣಿ, ಒಂದೂ ಬಿಡದೆ ಹೆಸರಿಟ್ಟು ಹೇಳಿ, ಕೊನೆಗೆ ‘ಇಷ್ಟು ಖರ್ಚು ಬೇಡ’ ಅಂತ ಬುದ್ಧಿಮಾತು. ಅಮರರ ಬಗ್ಗೆ ಹುಚ್ಚಿದ್ದ ಚಕ್ರವರ್ತಿ ವೂಗೆ ಬುದ್ಧಿ ಹೇಳೋಕೆ ಅಂತಲೇ ಆತ ಬರೆದ ಒಂದು ಫು ಕೇಳಿ, ಅರಸನಿಗೆ ಮೋಡದ ಮೇಲೆ ತೇಲಿದ ಹಾಗಾಯಿತಂತೆ! ಅದಕ್ಕೇ ಯಾಂಗ್ ಶಿಯೊಂಗ್, ತಾನೇ ದೊಡ್ಡ ಫು ಕವಿಯಾಗಿದ್ದರೂ, ಆಮೇಲೆ ಬೇಸತ್ತು ಅದನ್ನು ಬಿಟ್ಟ. ಕ್ರಿ.ಶ. 1ನೇ ಶತಮಾನದಲ್ಲಿ ಬಾನ್ ಗು ಇದಕ್ಕೆ ಎದುರುವಾದ ಹೂಡಿ, ಫು ಹಳೆಯ ಶಿಯಿಂದಲೇ ಹರಿದು ಬಂದದ್ದು ಅಂದ. ಶಿಜಿಂಗ್ ಅಷ್ಟು ಹೊತ್ತಿಗೆ ಪೂಜ್ಯ ಗ್ರಂಥ. ಅದರ ನಂಟು ತೋರಿಸಿದರೆ ಫುಗೆ ಮರ್ಯಾದೆ ಬರುತ್ತದೆ, ಅಲ್ವಾ? ಬಾನ್ ಗು ಹೇಳಿದ್ದು ಪೂರ್ತಿ ಸುಳ್ಳಲ್ಲ. ಆದರೆ ಅದನ್ನು ವಕಾಲತ್ತು ಅಂತ ಓದಬೇಕು, ಹುಟ್ಟಿನ ದಾಖಲೆ ಅಂತ ಅಲ್ಲ.

ಆಸ್ಥಾನದ ಆಚೆಯೂ ಫು ಇತ್ತು. 1993ರಲ್ಲಿ ಯಿನ್ವಾನ್ ಅನ್ನೋ ಊರಲ್ಲಿ ಹಾನ್ ಕಾಲದ ಒಂದು ಸಮಾಧಿಯಲ್ಲಿ ಕಾಗೆಯ ಫು ಒಂದು ಸಿಕ್ಕಿತು. ಜೋಡಿ ಕಾಗೆಗಳು ಗೂಡು ಕಟ್ಟುತ್ತವೆ, ಇನ್ನೊಂದು ಹಕ್ಕಿ ಕಡ್ಡಿ ಕದಿಯುತ್ತದೆ, ಜಗಳದಲ್ಲಿ ಹೆಣ್ಣು ಕಾಗೆಗೆ ಗಾಯವಾಗುತ್ತದೆ. ಸಾಯುವ ಮೊದಲು ಅದು ಗಂಡನಿಗೆ ‘ನೀನು ಹೋಗಿ ಬದುಕಿಕೋ’ ಅನ್ನುತ್ತದೆ. ನಾಲ್ಕಕ್ಷರದ ಸಾಲಿನಲ್ಲಿ ಹೇಳಿದ ಕಥೆ, ನಡುವೆ ಶಿಜಿಂಗ್‌ನ ಸಾಲೂ ಬರುತ್ತದೆ. ಕಾಡಿನ ವರ್ಣನೆ ಇಲ್ಲ, ಅರಸನೂ ಇಲ್ಲ.

ಚಂಪೂ ವಿಷಯ. ದೊಡ್ಡ ಫುಗಳಲ್ಲಿ ಗದ್ಯದ ಸಂಭಾಷಣೆ, ಪ್ರಾಸದ ಸಾಲು ಎರಡೂ ಇರೋದರಿಂದ ಆ ಹೋಲಿಕೆ ನಿಮಗೆ ಹೊಳೆದದ್ದು ಸಹಜ. ಎಲ್ಲವನ್ನೂ ವರ್ಣಿಸಲೇಬೇಕು ಅನ್ನೋ ಹಟವೂ ನಮ್ಮ ಅಷ್ಟಾದಶ ವರ್ಣನೆಯನ್ನು ನೆನಪಿಸುತ್ತದೆ. ಆದರೆ ಗೂಬೆಯ ಫು ಪೂರ್ತಿ ಪದ್ಯದಲ್ಲೇ ನಡೆಯುತ್ತದೆ. ಪಂಪ ಹೇಳುವ ಹಾಗೆ ಆಶ್ವಾಸಗಟ್ಟಲೆ ಕಥೆ ಹೇಳುವ ಕೆಲಸವನ್ನು ಆಸ್ಥಾನದ ಫು ಕವಿಗಳು ಕೈಗೆತ್ತಿಕೊಂಡವರೇ ಅಲ್ಲ.