ದೊಡ್ಡವ್ವನ ಕಾಲಿನಿಂದ ರೋಗ ಹರಡುವುದಿಲ್ಲ

ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಕಲಬುರಗಿ ಜಿಲ್ಲೆಯಿಂದ ನೀವು ಬರೆದ ಪತ್ರ ಓದಿ ಸಂಕಟವಾಯಿತು. ನಿಮ್ಮ ದೊಡ್ಡವ್ವನಿಗೆ 20 ವರ್ಷದಿಂದ ಆನೆಕಾಲು ರೋಗ. ಮೊನ್ನೆ ಮದುವೆ ಊಟದಲ್ಲಿ ಪಕ್ಕ ಕೂತವರು ಎದ್ದು ಬೇರೆ ಸಾಲಿಗೆ ಹೋದರಂತೆ. ದೊಡ್ಡವ್ವ ತುಳಿದ ನೀರು ತುಳಿದರೆ, ಅವರ ಚಾದರ ಹೊದ್ದರೆ ರೋಗ ಅಂಟುತ್ತದೆಯೇ ಎಂದು ಕೇಳಿದ್ದೀರಿ.

ಇಲ್ಲ. ಮುಟ್ಟಿದರೂ ಇಲ್ಲ, ಜೊತೆಗೆ ಉಂಡರೂ ಇಲ್ಲ. ಇದನ್ನು ಒಬ್ಬರಿಂದ ಒಬ್ಬರಿಗೆ ದಾಟಿಸುವುದು ಸೊಳ್ಳೆ ಮಾತ್ರ.

ರೋಗಕ್ಕೆ ಕಾರಣ ದಾರದಂಥ ತೆಳು ಹುಳು. ಅದು ಮೈಯೊಳಗಿನ ಹೆಚ್ಚುವರಿ ನೀರನ್ನು ರಕ್ತಕ್ಕೆ ಮರಳಿಸುವ ದುಗ್ಧನಾಳದಲ್ಲಿ ವರ್ಷಗಟ್ಟಲೆ ಬದುಕಿ ಲಕ್ಷಗಟ್ಟಲೆ ಮರಿ ಹಾಕುತ್ತದೆ. ಮರಿಗಳು ಹಗಲು ಶ್ವಾಸಕೋಶದ ರಕ್ತನಾಳಗಳಲ್ಲಿ ಅಡಗಿರುತ್ತವೆ. ರಾತ್ರಿ 10 ದಾಟಿದ ಮೇಲೆ ಹೊರಮೈಯ ರಕ್ತಕ್ಕೆ ಬರುತ್ತವೆ. ಚರಂಡಿ ನೀರಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ ಕಚ್ಚುವುದೂ ಆ ಹೊತ್ತಿಗೇ. ಆರೋಗ್ಯ ಇಲಾಖೆಯವರು ಸರಿರಾತ್ರಿ ಬಾಗಿಲು ತಟ್ಟಿ, ನಿದ್ದೆಗಣ್ಣಲ್ಲಿ ಇರುವವರ ಬೆರಳು ಚುಚ್ಚಿ, ಗಾಜಿನ ಪಟ್ಟಿಗೆ ರಕ್ತ ಸವರಿಕೊಂಡು ಹೋಗುವುದು ಇದಕ್ಕೇ. ಜನ ಸುಮ್ನೆ ಬೈಯುತ್ತಾರೆ.

ಸೊಳ್ಳೆಯ ಹೊಟ್ಟೆ ಸೇರಿದ ಮರಿ ಬೆಳೆಯಲು ಹತ್ತು ಹದಿನೈದು ದಿನ ಬೇಕು. ಆಮೇಲೆ ಸೊಳ್ಳೆ ಇನ್ನೊಬ್ಬರನ್ನು ಕಚ್ಚುವಾಗ ಆ ಮರಿ ಚರ್ಮದ ಮೇಲಿಳಿದು, ಕಚ್ಚಿದ ತೂತಿನಿಂದ ಒಳಗೆ ಹೋಗುತ್ತದೆ. ಒಂದೆರಡು ಕಡಿತಕ್ಕೆ ರೋಗ ಬರುವುದಿಲ್ಲ. ತಿಂಗಳುಗಟ್ಟಲೆ, ಮತ್ತೆ ಮತ್ತೆ ಕಚ್ಚಿಸಿಕೊಂಡವರಿಗೆ ಬರುತ್ತದೆ.

ನೀರಿನ ಭಯ ನಿಮಗೊಬ್ಬರಿಗೇ ಅಲ್ಲ. 1877ರಲ್ಲಿ ಚೀನಾದ ಅಮೋಯ್ ಊರಲ್ಲಿ ಈ ಮರಿಗಳು ಸೊಳ್ಳೆಯೊಳಗೆ ಬೆಳೆಯುವುದನ್ನು ಮೊದಲು ಕಂಡ ಡಾಕ್ಟರ್ ಪ್ಯಾಟ್ರಿಕ್ ಮ್ಯಾನ್ಸನ್ ಕೂಡ, ಸೊಳ್ಳೆ ಸತ್ತು ಬಿದ್ದ ನೀರು ಕುಡಿದವರಿಗೆ ರೋಗ ಬರುತ್ತದೆ ಎಂದುಕೊಂಡಿದ್ದರು. 1900ರಲ್ಲಿ ಸೊಳ್ಳೆಯ ಸೊಂಡಿಲಲ್ಲೇ ಹುಳು ಸಿಕ್ಕಿದ ಮೇಲೆ ಆ ತಪ್ಪು ತಿದ್ದಿಹೋಯಿತು.

ಇನ್ನು ನಿಮ್ಮ ಊರಿನವರಿಗೆ ಓದಿ ಹೇಳಬೇಕಾದ ಮಾತು. ಕಾಲು ದಪ್ಪಗಾದವರ ರಕ್ತದಲ್ಲಿ ಸಾಮಾನ್ಯವಾಗಿ ಮರಿಹುಳು ಇರುವುದೇ ಇಲ್ಲ. ಹುಳು ಎಂದೋ ಸತ್ತು, ಕೆಟ್ಟ ದುಗ್ಧನಾಳ ಮಾತ್ರ ಉಳಿದಿರುತ್ತದೆ. ರಕ್ತದಲ್ಲಿ ಮರಿ ಹೊತ್ತು ಓಡಾಡುವವರು ನೋಡಲು ಗಟ್ಟಿಮುಟ್ಟಾಗಿಯೇ ಇರುತ್ತಾರೆ. ಅವರಿಗೇ ಗೊತ್ತಿರುವುದಿಲ್ಲ. ಹಾಗಾಗಿ ಅಂದು ಎದ್ದು ಹೋದವರಲ್ಲೇ ಒಬ್ಬರ ರಕ್ತದಲ್ಲಿ ಮರಿಹುಳು ಇದ್ದಿರಬಹುದು, ಅಲ್ವಾ?

ಅದಕ್ಕೇ ಸರ್ಕಾರ ಮಾತ್ರೆಯನ್ನು ಊರಿಗೆಲ್ಲ ಕೊಡುವುದು. ಡಿಇಸಿ, ಆಲ್ಬೆಂಡಜೋಲ್, ಕೆಲವು ಕಡೆ ಐವರ್‌ಮೆಕ್ಟಿನ್ ಕೂಡ. ಎರಡು ವರ್ಷದೊಳಗಿನ ಮಕ್ಕಳು, ಬಸುರಿಯರು, ತೀರಾ ಕಾಯಿಲೆಯವರು ಬಿಟ್ಟು ಉಳಿದವರು ನುಂಗಬೇಕು. ‘ನನಗೇನಾಗಿದೆ’ ಎಂದು ಮಾತ್ರೆ ಜೇಬಿಗೆ ಹಾಕಿಕೊಳ್ಳುವವರೇ ಜಾಸ್ತಿ. ನುಂಗಿದ ಮೇಲೆ ಕೆಲವರಿಗೆ ಸ್ವಲ್ಪ ಜ್ವರ, ತಲೆನೋವು ಬರುತ್ತದೆ. ಒಳಗಿನ ಮರಿಗಳು ಸಾಯುವುದರಿಂದ ಆಗುವುದು ಅದು, ಹೆದರಬೇಡಿ.

ದೊಡ್ಡವ್ವನ ಕಾಲು ಮೊದಲಿನಂತೆ ಆಗುತ್ತದೆ ಎಂದು ಸುಳ್ಳು ಹೇಳಲಾರೆ. ಆದರೆ ನೋವು ಕಡಿಮೆ ಮಾಡಬಹುದು. ದಿನಾ ಸೋಪು, ಶುದ್ಧ ನೀರಿನಿಂದ ಕಾಲು ತೊಳೆಯಿರಿ. ಮೆತ್ತನೆ ಬಟ್ಟೆಯಿಂದ ಒತ್ತಿ ಒರೆಸಿ, ಉಜ್ಜಬೇಡಿ. ಬೆರಳ ಸಂದಿಯನ್ನು ಒಂದೊಂದಾಗಿ ಬಿಡಿಸಿ ನೋಡಿ. ಅಲ್ಲಿ ಒದ್ದೆ ಉಳಿದು ಚರ್ಮ ಬಿರಿದರೆ ಆ ಬಿರುಕಿನಿಂದಲೇ ಸೋಂಕು ಒಳಗೆ ಹೋಗಿ, ಚಳಿಜ್ವರ ಬಂದು, ಕಾಲು ಇನ್ನಷ್ಟು ಊದುತ್ತದೆ. ಮಲಗುವಾಗ ಕಾಲ ಕೆಳಗೆ ದಿಂಬಿಡಿ. ಕಾಲು ಕೆಂಪಾಗಿ ಬಿಸಿಯಾದರೆ ನಾಳೆ ನೋಡೋಣ ಎನ್ನದೆ ಅಂದೇ ಡಾಕ್ಟರಿಗೆ ತೋರಿಸಿ.