ಅಮೆರಿಕದ ಶಟ್‌ಡೌನ್: ಕರಾವಳಿಯ ಮನೆಗಳಿಂದ ಬಂದ ಪ್ರಶ್ನೆಗಳು

ಪ್ರಶ್ನೆ: ಅಮೆರಿಕ ಸರ್ಕಾರ ಬಾಗಿಲು ಹಾಕುತ್ತದೆ ಎಂದು ಟಿವಿಯಲ್ಲಿ ಹೇಳುತ್ತಿದ್ದಾರೆ. ಅಷ್ಟು ದೊಡ್ಡ ದೇಶದಲ್ಲಿ ದುಡ್ಡಿಲ್ಲವೇ? ನಮ್ಮಲ್ಲಿ ಯಾಕೆ ಹೀಗಾಗುವುದಿಲ್ಲ?
– ನಿವೃತ್ತ ಬ್ಯಾಂಕ್ ಉದ್ಯೋಗಿ, ಉಡುಪಿ

ಉತ್ತರ: ದುಡ್ಡಿದೆ, ಖರ್ಚು ಮಾಡಲು ಸಂಸತ್ತಿನ ಅನುಮತಿ ಇರುವುದಿಲ್ಲ. ಅಲ್ಲಿ ಹಣಕಾಸು ವರ್ಷ ಅಕ್ಟೋಬರ್ 1ಕ್ಕೆ ಶುರು. ಅಷ್ಟರೊಳಗೆ ಇಲಾಖೆಗಳ 12 ಖರ್ಚಿನ ಮಸೂದೆಗಳಾಗಲಿ, ಕೆಲವು ವಾರ ದೂಡುವ ತಾತ್ಕಾಲಿಕ ಮಸೂದೆಯಾಗಲಿ ಪಾಸಾಗಬೇಕು. ಸಂಸತ್ತಿನ ಮೇಲ್ಮನೆಯಾದ 100 ಸದಸ್ಯರ ಸೆನೆಟ್‌ನಲ್ಲಿ ಚರ್ಚೆ ಮುಗಿಸಲು ಸಾಮಾನ್ಯವಾಗಿ 60 ಮತ ಬೇಕು. ಹೆಚ್ಚಾಗಿ ಸಿಕ್ಕಿಬೀಳುವುದು ಅಲ್ಲೇ. 2018–19ರಲ್ಲಿ 35 ದಿನ, 2025ರಲ್ಲಿ 43 ದಿನ ಹೀಗೆ ಕಳೆಯಿತು. ನಮ್ಮಲ್ಲಿ ಬಜೆಟ್ ತಡವಾದರೆ ಸಂವಿಧಾನದ 116ನೇ ವಿಧಿಯಂತೆ ಲೋಕಸಭೆ ಲೇಖಾನುದಾನ (ಕೆಲವು ತಿಂಗಳ ಖರ್ಚಿಗೆ ಮುಂಗಡ ಅನುಮತಿ) ಕೊಡುತ್ತದೆ, ರಾಜ್ಯಗಳಿಗೆ 206ನೇ ವಿಧಿ ಇದೆ. ಸದನದಲ್ಲಿ ಸೋತರೆ ಹೋಗಬೇಕಾದವರು ಮಂತ್ರಿಗಳು, ಕಚೇರಿಗಳು ನಡೆಯುತ್ತವೆ.

ಪ್ರಶ್ನೆ: ಮಗಳು ಎಚ್‌-1ಬಿ ಉದ್ಯೋಗ ವೀಸಾದಲ್ಲಿ ಟೆಕ್ಸಾಸ್‌ನಲ್ಲಿದ್ದಾಳೆ. ಬೇರೆ ಕಂಪೆನಿಯ ಆಫರ್ ಬಂದಿದೆ, ಈಗಲೇ ರಾಜೀನಾಮೆ ಕೊಡುತ್ತೇನೆ ಎನ್ನುತ್ತಾಳೆ. ಕೊಡಬಹುದೇ?
– ಗೃಹಿಣಿ, ಬಿಜೈ, ಮಂಗಳೂರು

ಉತ್ತರ: ಬೇಡ. ಹೊಸ ಕಂಪೆನಿಯ ಅರ್ಜಿ ಅಮೆರಿಕದ ವಲಸೆ ಅರ್ಜಿಗಳ ಕಚೇರಿಯಾದ ಯುಎಸ್‌ಸಿಐಎಸ್‌ಗೆ ತಲುಪಿ ರಸೀದಿ ಕೈಗೆ ಬರುವ ತನಕ ರಾಜೀನಾಮೆ ಪತ್ರ ಅವಳ ಬಳಿಯೇ ಇರಲಿ.

ಕಾರಣ ಇದು. ಯುಎಸ್‌ಸಿಐಎಸ್ ಬಹುಪಾಲು ನಡೆಯುವುದು ಅರ್ಜಿದಾರರ ಶುಲ್ಕದಿಂದ, ಆದ್ದರಿಂದ ಅದು ತೆರೆದಿರುತ್ತದೆ. ಆದರೆ ಎಚ್‌-1ಬಿ ಅರ್ಜಿಯೊಂದಿಗೆ ಕಾರ್ಮಿಕ ಇಲಾಖೆ ಮಂಜೂರು ಮಾಡಿದ ಎಲ್‌ಸಿಎ (ಸಂಬಳ, ಕೆಲಸದ ಷರತ್ತುಗಳನ್ನು ಕಂಪೆನಿ ಒಪ್ಪಿಕೊಳ್ಳುವ ಪತ್ರ) ಇರಲೇಬೇಕು, ಆ ಇಲಾಖೆಗೆ ಬಜೆಟ್ ಹಣವೇ ಗತಿ. 2025ರಲ್ಲಿ ಅಕ್ಟೋಬರ್ ತಿಂಗಳ ಬಹುಪಾಲು ಎಲ್‌ಸಿಎ ಸಲ್ಲಿಸುವ ಜಾಲತಾಣವೇ ಮುಚ್ಚಿತ್ತು. 2018–19ರಲ್ಲಿ ಕಾರ್ಮಿಕ ಇಲಾಖೆಯ ಮಸೂದೆ ಮೊದಲೇ ಪಾಸಾಗಿದ್ದರಿಂದ ಈ ತೊಂದರೆ ಆಗಲಿಲ್ಲ. ಹಾಗಾಗಿ ‘ಶಟ್‌ಡೌನ್ ಬರುತ್ತದಂತೆ’ ಎಂಬಷ್ಟಕ್ಕೆ ನಿಲ್ಲದೆ, ಯಾವ ಇಲಾಖೆಯ ಹಣ ನಿಲ್ಲುತ್ತಿದೆ ಎಂದು ನೋಡಿ.

ಎಲ್‌ಸಿಎ ಮಂಜೂರಾಗಲು 7 ಕೆಲಸದ ದಿನ ಬೇಕು. ಆ ಇಲಾಖೆಯ ಹಣ ನಿಲ್ಲುವ ಗಡುವಿಗೆ ಎರಡು ವಾರವಾದರೂ ಮೊದಲು ಸಲ್ಲಿಸುವಂತೆ ಹೊಸ ಕಂಪೆನಿಯ ವಕೀಲರಿಗೆ ಅವಳೇ ಹೇಳಲಿ. ಕೆಲಸ ಶುರುವಾಗುವ ದಿನಕ್ಕೆ 6 ತಿಂಗಳು ಮುಂಚೆಯೇ ಸಲ್ಲಿಸಲು ಅವಕಾಶವಿದೆ. ರಾಜೀನಾಮೆ ಕೊಟ್ಟ ಮೇಲೆ ಜಾಲತಾಣ ಮುಚ್ಚಿದರೆ ಅಲ್ಲಿರಲು ಉಳಿಯುವುದು ಹೆಚ್ಚೆಂದರೆ 60 ದಿನ. ಐ-94 (ಎಷ್ಟು ದಿನ ಅಲ್ಲಿರಬಹುದು ಎಂಬ ಪ್ರವೇಶ ದಾಖಲೆ) ಅದಕ್ಕೂ ಮೊದಲು ಮುಗಿದರೆ ಅಷ್ಟೂ ಇಲ್ಲ. ಐ-94 ದಿನಾಂಕವನ್ನು ಇವತ್ತೇ ನೋಡಿಕೊಳ್ಳಲಿ. ಪಾಸ್‌ಪೋರ್ಟ್ ಅವಧಿ ಕಡಿಮೆಯಿದ್ದಾಗ ಐ-94 ವೀಸಾಕ್ಕಿಂತ ಮೊದಲೇ ಮುಗಿಯುವುದುಂಟು, ಬಹಳ ಮಂದಿ ಗಮನಿಸುವುದಿಲ್ಲ.

ಗ್ರೀನ್‌ಕಾರ್ಡ್‌ನ ಮೊದಲ ಮೆಟ್ಟಿಲಾದ ಪರ್ಮ್ ಅರ್ಜಿಯೂ ಅದೇ ಕಾರ್ಮಿಕ ಇಲಾಖೆಯದು, ಹಾಗಾಗಿ ಅದೂ ನಿಲ್ಲಬಹುದು. ಅದಕ್ಕೆ ಕೊಟ್ಟ ಉದ್ಯೋಗ ಜಾಹೀರಾತು 180 ದಿನಕ್ಕಿಂತ ಹಳೆಯದಾದರೆ ನಡೆಯುವುದಿಲ್ಲ. ಎಚ್‌-1ಬಿಯ ಐದನೇ ವರ್ಷದಲ್ಲಿರುವವರು ಇನ್ನೂ ಎಚ್ಚರದಿಂದಿರಬೇಕು: ಆರು ವರ್ಷದ ಮಿತಿ ದಾಟಿ ಒಂದೊಂದೇ ವರ್ಷ ವಿಸ್ತರಣೆ ಸಿಗಲು ಪರ್ಮ್ ಹಾಕಿ 365 ದಿನ ಆಗಿರಬೇಕು.

ಪ್ರಶ್ನೆ: ಮಗಳ ಬಾಣಂತನಕ್ಕೆ ಹೋಗಬೇಕು. ಚೆನ್ನೈಯಲ್ಲಿ ವೀಸಾ ಸಂದರ್ಶನ ಇದೆ, ರದ್ದಾದೀತೇ?
– ಓದುಗರು, ಬ್ರಹ್ಮಾವರ

ಉತ್ತರ: ದೂತಾವಾಸಗಳ ವೀಸಾ ವಿಭಾಗ ಶುಲ್ಕದಿಂದ ನಡೆಯುತ್ತದೆ, ಸಾಮಾನ್ಯವಾಗಿ ರದ್ದಾಗುವುದಿಲ್ಲ. ತೊಂದರೆ ಇರುವುದು ಅಲ್ಲಿ ಇಳಿದ ಮೇಲೆ. ಭದ್ರತಾ ತಪಾಸಣೆಯವರು, ವಿಮಾನ ಸಂಚಾರ ನಿಯಂತ್ರಕರು ಸಂಬಳವಿಲ್ಲದೆ ದುಡಿಯುತ್ತಿರುತ್ತಾರೆ, ದಿನ ಕಳೆದಂತೆ ಗೈರುಹಾಜರಿ ಏರುತ್ತದೆ. 2025ರ ನವೆಂಬರ್‌ನಲ್ಲಿ 40 ದೊಡ್ಡ ವಿಮಾನ ನಿಲ್ದಾಣಗಳಲ್ಲಿ ದೇಶದೊಳಗಿನ ಹಾರಾಟವನ್ನೇ ಕಡಿತ ಮಾಡಿದರು. ಸಾಧ್ಯವಾದರೆ ಮಗಳ ಊರಿಗೆ ನೇರ ಇಳಿಯುವ ವಿಮಾನ ಹಿಡಿಯಿರಿ. ಇಲ್ಲದಿದ್ದರೆ ಇಡೀ ಪ್ರಯಾಣ ಒಂದೇ ಪಿಎನ್‌ಆರ್‌ನಲ್ಲಿರಲಿ, ಆಗ ತಪ್ಪಿದ ವಿಮಾನಕ್ಕೆ ಬದಲಿ ಕೊಡುವ ಹೊಣೆ ಏರ್‌ಲೈನ್‌ನದು. ಮೊದಲು ಇಳಿದಲ್ಲಿ ಲಗೇಜ್ ತೆಗೆದು ಕಸ್ಟಮ್ಸ್ ಮುಗಿಸಿ ಮತ್ತೆ ಹಾಕಬೇಕು. ನಡುವೆ 4 ಗಂಟೆ ಇಟ್ಟುಕೊಳ್ಳಿ. ಬಿಪಿ, ಶುಗರ್ ಮಾತ್ರೆ ಕೈಚೀಲದಲ್ಲೇ ಇರಲಿ.

ಮಗುವಿನ ಜನನ ಪತ್ರ ಕೊಡುವುದು ಅಲ್ಲಿನ ರಾಜ್ಯದ ಆಡಳಿತ, ಅದಕ್ಕೆ ಬಾಧೆ ಇಲ್ಲ. ಪಾಸ್‌ಪೋರ್ಟ್ ಅರ್ಜಿಯನ್ನು ಅಂಚೆ ಕಚೇರಿಯಲ್ಲಿ ಕೊಡುವುದು ಒಳ್ಳೆಯದು. ಅಂಚೆ ಇಲಾಖೆ ತನ್ನ ಗಳಿಕೆಯಲ್ಲೇ ನಡೆಯುವುದರಿಂದ ತೆರೆದಿರುತ್ತದೆ.

ಪ್ರಶ್ನೆ: ಅಳಿಯ ಎಚ್‌-1ಬಿಯಲ್ಲಿದ್ದು, ಗುತ್ತಿಗೆ ಕಂಪೆನಿಯ ಮೂಲಕ ಸರ್ಕಾರಿ ಪ್ರಾಜೆಕ್ಟ್‌ನಲ್ಲಿದ್ದಾರೆ. ಸಂಬಳ ನಿಂತರೆ ಆಮೇಲೆ ಬರುತ್ತದೆಯೇ?
– ಓದುಗರು, ಕುಂದಾಪುರ

ಉತ್ತರ: ಸರ್ಕಾರಿ ನೌಕರರಿಗೆ ಬಾಕಿ ಸಂಬಳದ ಭರವಸೆ 2019ರ ಕಾನೂನಿನಲ್ಲಿದೆ, ಗುತ್ತಿಗೆಯವರಿಗೆ ಇಲ್ಲ. ಆದರೆ ಎಚ್‌-1ಬಿ ಉದ್ಯೋಗಿಗೆ ಬೇರೊಂದು ರಕ್ಷಣೆ ಇದೆ. ಕಂಪೆನಿ ತಾನಾಗಿ ಕೆಲಸವಿಲ್ಲವೆಂದು ಕೂರಿಸಿದರೂ ಎಲ್‌ಸಿಎಯಲ್ಲಿ ಒಪ್ಪಿಕೊಂಡ ಸಂಬಳ ಕೊಡಲೇಬೇಕು. ‘ನೀವೇ ರಜೆ ಕೇಳಿದ್ದು ಎಂದು ಬರೆದುಕೊಡಿ’ ಎಂದರೆ ಸಹಿ ಹಾಕಬಾರದು. ಸ್ವಂತ ಕೋರಿಕೆಯ ರಜೆಗೆ ಆ ನಿಯಮ ಅನ್ವಯಿಸುವುದಿಲ್ಲ. ಕೂರಿಸಿದ ಇಮೇಲ್, ಪ್ರತಿ ತಿಂಗಳ ಪೇ ಸ್ಲಿಪ್ ಜೋಪಾನ ಮಾಡಲಿ. ದೂರಿನ ನಮೂನೆ ಡಬ್ಲ್ಯುಎಚ್‌-4. ಘಟನೆಯಾಗಿ 12 ತಿಂಗಳೊಳಗೆ ಕಾರ್ಮಿಕ ಇಲಾಖೆಗೆ ಕೊಡಬೇಕು.