35 ವರ್ಷ ಹಳೆಯ ಟ್ರಾನ್ಸ್‌ಫಾರ್ಮರಿಗೆ ಎಣ್ಣೆ ಸೋಸುವುದು ಸಾಕೇ, ಬದಲಿಸಲೇಬೇಕೇ?

66 ಕೆವಿ (ಕಿಲೋವೋಲ್ಟ್) ವಿದ್ಯುತ್ತನ್ನು 11 ಕೆವಿಗೆ ಇಳಿಸುವ ನಿಮ್ಮೂರಿನ ಸ್ಟೇಷನ್ನಿನ ಟ್ರಾನ್ಸ್‌ಫಾರ್ಮರಿಗೆ 35 ವರ್ಷವಾಗಿದ್ದು, ಅದನ್ನು ಬದಲಿಸದೆ ಆಗಾಗ ಎಣ್ಣೆ ಸೋಸುತ್ತಿರುವುದು ಸರಿಯೇ ಎಂದು ಕೇಳಿದ್ದೀರಿ. ಇಂಥ ಸ್ಟೇಷನ್‌ಗಳ ನಿರ್ವಹಣೆಯಲ್ಲೇ ನೌಕರಿ ಮುಗಿಸಿದವನು ನಾನು. ವರ್ಷದ ಲೆಕ್ಕವೊಂದನ್ನೇ ಹಿಡಿದು ಇದಕ್ಕೆ ಉತ್ತರ ಹೇಳಲಾಗದು.

ಟ್ರಾನ್ಸ್‌ಫಾರ್ಮರಿನ ಆಯುಸ್ಸನ್ನು ನಿರ್ಧರಿಸುವುದು ಅದರ ತಾಮ್ರದ ಸುರುಳಿಗಳಿಗೆ ಸುತ್ತಿರುವ ಕಾಗದ. ಆ ಸುರುಳಿಗಳು ಮುಳುಗಿರುವ ಎಣ್ಣೆಯನ್ನು ಬಿಸಿ ಮಾಡಿ ನಿರ್ವಾತದಲ್ಲಿ ಸೋಸಿದರೆ ತೇವ ಮತ್ತು ಕಸ ಹೋಗಿ, 2.5 ಮಿ.ಮೀ. ಅಂತರದಲ್ಲಿ ಅದು ಎಷ್ಟು ಕಿಲೋವೋಲ್ಟ್ ತಡೆಯುತ್ತದೆಂದು ನೋಡುವ ಬಿಡಿವಿ ಪರೀಕ್ಷೆಯಲ್ಲಿ ಒಳ್ಳೆಯ ಅಂಕಿಯೇ ಬರುತ್ತದೆ. ಆದರೆ ಕಾವಿಗೆ ಪೆಡಸಾದ ಕಾಗದ ಎಷ್ಟು ಸೋಸಿದರೂ ಮೊದಲಿನಂತಾಗದು. ಹೊಸ ಕಾಗದದ ಸೆಲ್ಯುಲೋಸ್ ಸರಪಳಿಯಲ್ಲಿ ಸುಮಾರು 1000 ಕೊಂಡಿಗಳಿರುತ್ತವೆ. ಅದು 200ಕ್ಕೆ ಇಳಿದಾಗ, ಸ್ಟೇಷನ್ನಿನಿಂದ ಹೊರಡುವ ಲೈನಿನಲ್ಲಿ, ಅಂದರೆ ಫೀಡರಿನಲ್ಲಿ, ಶಾರ್ಟ್ ಆದ ಕ್ಷಣ ಸುರುಳಿಯ ಮೇಲೆ ಬೀಳುವ ಸೆಳೆತವನ್ನು ತಾಳಲಾರದು. ಸುರುಳಿಯ ಅತಿ ಬಿಸಿಯಾದ ಭಾಗದಲ್ಲಿ ಕಾವು ಸುಮಾರು 6 ಡಿಗ್ರಿ ಏರಿದರೆ ಕಾಗದ ಸವೆಯುವ ವೇಗ ಇಮ್ಮಡಿಯಾಗುವುದರಿಂದ, ಬೇಸಿಗೆಯ ಪಂಪ್‌ಸೆಟ್ ಹೊರೆಯಲ್ಲಿ ವರ್ಷವರ್ಷವೂ ಬೆಂದ 20 ವರ್ಷದ್ದಕ್ಕಿಂತ, ಅರ್ಧ ಹೊರೆಯಲ್ಲಿ ದುಡಿದ 35 ವರ್ಷದ್ದೇ ಗಟ್ಟಿಯಾಗಿರಬಹುದು. ಟ್ಯಾಂಕ್ ಬಿಚ್ಚದೆ ಇದನ್ನು ಅಂದಾಜಿಸಲು ಕಾಗದ ಸವೆದಾಗ ಎಣ್ಣೆಗೆ ಸೇರುವ ಫ್ಯೂರಾನ್ ಎಂಬ ರಾಸಾಯನಿಕಗಳ ಪರೀಕ್ಷೆಯನ್ನೂ, ಕರಗಿದ ಅನಿಲಗಳನ್ನು ಅಳೆಯುವ ಡಿಜಿಎ ಪರೀಕ್ಷೆಯನ್ನೂ ಮಾಡಿಸುತ್ತಾರೆ. ಅಸಿಟಿಲೀನ್ ಏರುತ್ತಿದ್ದರೆ ಒಳಗೆಲ್ಲೋ ಕಿಡಿ ಹಾರುತ್ತಿದೆ ಎಂದು ತಿಳಿಯಬೇಕು. ಸೋಸಿದ ಮರುದಿನ ಮಾದರಿ ತೆಗೆದು ಎಲ್ಲವೂ ಚೆನ್ನಾಗಿದೆ ಎಂದು ಬರೆದಿಟ್ಟ ವರದಿಗಳನ್ನು ನಾನು ಕಂಡಿದ್ದೇನೆ. ಸೋಸುವಾಗ ಆ ಅನಿಲಗಳೂ ಹೊರಟುಹೋಗುವುದರಿಂದ ಮಾದರಿಯನ್ನು ಸೋಸುವ ಮುಂಚೆಯೇ ತೆಗೆಯಬೇಕು.

ನಿಮ್ಮ ಪ್ರಶ್ನೆಯಲ್ಲಿ ಇಲ್ಲದ ಬ್ಯಾಟರಿಯ ಬಗ್ಗೆಯೇ ನನಗೆ ಹೆಚ್ಚು ಆತಂಕ. ಲೈನಿನಲ್ಲಿ ಶಾರ್ಟ್ ಆದಾಗ ಕರೆಂಟ್ ಕಡಿಯುವ ಸ್ವಿಚ್ಚಾದ ಬ್ರೇಕರಿಗೆ ತೆರೆಯುವ ಬಲ ಕೊಡುವುದು ಅದೇ. ನಾನಿದ್ದ ಒಂದು ಸ್ಟೇಷನ್ನಿನಲ್ಲಿ 110 ವೋಲ್ಟಿನ ಬ್ಯಾಟರಿ, ಅಂದರೆ 2 ವೋಲ್ಟಿನ 55 ಸೆಲ್‌ಗಳು, ಪ್ರತಿ ಶಿಫ್ಟಿನ ಲಾಗ್‌ಬುಕ್ಕಿನಲ್ಲಿ ಸರಿಯಾದ ವೋಲ್ಟೇಜನ್ನೇ ತೋರಿಸುತ್ತಿತ್ತು. ವಾಸ್ತವದಲ್ಲಿ ನಾವು ಬರೆದುಕೊಳ್ಳುತ್ತಿದ್ದುದು ಚಾರ್ಜರಿನ ವೋಲ್ಟೇಜನ್ನು. ಒಂದು ಮಳೆಯ ರಾತ್ರಿ 11 ಕೆವಿ ಲೈನ್ ಹರಿದು ಬಿದ್ದಾಗ ಸ್ಟೇಷನ್ನಿನ ಎಸಿ ಸರಬರಾಜೇ ಕುಸಿಯಿತು, ಚಾರ್ಜರ್ ನಿಂತಿತು, ಎರಡು ಸೆಲ್‌ಗಳಲ್ಲಿ ನೀರು ಪ್ಲೇಟಿಗಿಂತ ಕೆಳಗಿಳಿದಿದ್ದ ಬ್ಯಾಟರಿ ಬ್ರೇಕರನ್ನು ತೆರೆಸುವ ಟ್ರಿಪ್ ಕಾಯಿಲ್ ಎಳೆಯುವಷ್ಟು ಕರೆಂಟ್ ಕೊಡಲಾರದೆ ಹೋಯಿತು. ನಮಗೆ ವಿದ್ಯುತ್ ಕೊಡುತ್ತಿದ್ದ ದೊಡ್ಡ ಸ್ಟೇಷನ್ ತನ್ನ ಕಡೆಯಿಂದ ಲೈನನ್ನು ಕಡಿದದ್ದರಿಂದ ಟ್ರಾನ್ಸ್‌ಫಾರ್ಮರ್ ಉಳಿಯಿತು, ಆದರೆ ಅಷ್ಟೂ ಹೊತ್ತು ಆ ಶಾರ್ಟಿನ ಕರೆಂಟು ಅದರ ಮೈಯಲ್ಲಿ ಹರಿದಿತ್ತು.

ಆದ್ದರಿಂದ ಹಣ ಕಡಿಮೆಯಿದ್ದರೆ ನಾನು ಮೊದಲು ಬ್ಯಾಟರಿ ಬದಲಿಸಿ, ನಂತರ ಬಿಡಿಭಾಗಗಳೇ ಸಿಗದ ಹಳೆಯ ಎಣ್ಣೆ ಬ್ರೇಕರುಗಳ ಜಾಗದಲ್ಲಿ 11 ಕೆವಿಗೆ ನಿರ್ವಾತದಲ್ಲಿ ಕಿಡಿ ಆರಿಸುವ ವ್ಯಾಕ್ಯೂಮ್, 66 ಕೆವಿಗೆ ಎಸ್‌ಎಫ್‌6 ಅನಿಲದ ಬ್ರೇಕರುಗಳನ್ನು ಹಾಕಿಸುತ್ತೇನೆ. ಟ್ರಾನ್ಸ್‌ಫಾರ್ಮರಿನ ಸರದಿ ಅದರ ಫ್ಯೂರಾನ್ ಅಂಕಿ ಹೇಳಿದಾಗ. ಬದಲಿಸಲು ನಿರ್ಧರಿಸಿದರೆ ಹಳೆಯ ಅಡಿಪಾಯ ಹೊಸದರ ತೂಕ ಮತ್ತು ಚಕ್ರದ ಅಂತರಕ್ಕೆ ಹೊಂದುತ್ತದೆಯೇ ಎಂಬುದನ್ನು ಆರ್ಡರ್ ಕೊಡುವ ಮುಂಚೆಯೇ ಅಳೆಸಬೇಕು. ಲೈನ್ ಕ್ಲಿಯರ್ (ಕೆಲಸಕ್ಕಾಗಿ ಕರೆಂಟ್ ನಿಲ್ಲಿಸುವ ಅನುಮತಿ) ಪಡೆದು ಕ್ರೇನ್ ತರಿಸಿದ ದಿನ ಅಳೆಯಲು ಹೊರಟರೆ ಊರಿಡೀ ಕತ್ತಲಲ್ಲಿ ಕಾಯಬೇಕಾಗುತ್ತದೆ.